ಟ್ರಾವೆಲರ್ ಗಾಡಿಯಲ್ಲಿ ಮಲಗಲು ಗಾದಿ: ಯಾವ ಫೋಮ್, ಎಷ್ಟು ದಪ್ಪ, ಕೆಳಗೆ ಏನು ಹಾಕಬೇಕು?

ಧಾರವಾಡ_ಕೊಥ್ರೂಡ್

ಎಲ್ಲರಿಗೂ ನಮಸ್ಕಾರ. ನಾವು ಧಾರವಾಡದವರು, ಈಗ ಪುಣೆಯ ಕೊಥ್ರೂಡ್‌ನಲ್ಲಿದ್ದೇವೆ. ಸೆಕೆಂಡ್ ಹ್ಯಾಂಡ್ ಫೋರ್ಸ್ ಟ್ರಾವೆಲರ್ ತಗೊಂಡಿದ್ದೇವೆ. ಒಳಗೆ ನಾವಿಬ್ಬರೂ ಮಲಗುವ ಹಾಗೆ ಮಾಡಿಸುತ್ತಿದ್ದೇವೆ. ಹಿಂದಿನ ಬಾಗಿಲ ಕಡೆ ಚೌಕ ಪೈಪಿನ ಫ್ರೇಮ್ ವೆಲ್ಡಿಂಗ್ ಮುಗಿದಿದೆ, ಅದರ ಮೇಲೆ 12 ಎಂಎಂ ಪ್ಲೈವುಡ್ ಕೂರಿಸುವ ಯೋಚನೆ. ಮಲಗುವ ಜಾಗ 6 ಅಡಿ ಉದ್ದ, 4 ಅಡಿ ಅಗಲ. ಚಕ್ರದ ಉಬ್ಬು ಮಂಚದ ಕೆಳಗೇ ಅಡಗುತ್ತದೆ, ಅದರ ಚಿಂತೆ ಇಲ್ಲ. ಆದರೆ ಹಿಂದಿನ ಎರಡು ಮೂಲೆ ದುಂಡಗಿವೆ, ಗಾಡಿಯ ಮೈ ಕೂಡ ಮೇಲೆ ಹೋದಂತೆ ಒಳಕ್ಕೆ ಬಾಗುತ್ತದೆ.

ಈಗ ಗಾದಿಯದ್ದೇ ಪ್ರಶ್ನೆ. ನನ್ನ ಎತ್ತರ 5 ಅಡಿ 9 ಇಂಚು, ತೂಕ 80 ದಾಟಿದೆ, ಅಂಗಾತ ಮಲಗುವ ಅಭ್ಯಾಸ. ಹೆಂಡತಿ 50 ಕೆಜಿ, ಮಗ್ಗುಲಾಗಿ ಮಲಗುತ್ತಾಳೆ, ಅವಳಿಗೆ ಸೊಂಟನೋವು ಬೇರೆ. ಒಬ್ಬ ಅಂಗಡಿಯವರು 6 ಇಂಚಿನ ಮೆಮರಿ ಫೋಮ್ ಹಾಕಿಸಿ ಎನ್ನುತ್ತಾರೆ, ಇನ್ನೊಬ್ಬರು ಸೊಂಟನೋವು ಇದ್ದರೆ ಕಾಯರ್ ಬಿಟ್ಟು ಬೇರೆ ಬೇಡ ಎನ್ನುತ್ತಾರೆ, ಮನೆಯಲ್ಲಿ ಅಮ್ಮ ಹತ್ತಿ ಗಾದಿ ಹೊಲಿಸಿ ಕಳಿಸುತ್ತೇನೆ ಅಂತ ಕೂತಿದ್ದಾರೆ. ನಾವು ಹೋಗುವುದು ತಾಮ್ಹಿಣಿ ಘಾಟ್, ಮಹಾಬಳೇಶ್ವರ, ಕೊಂಕಣದ ಕಡಲ ತೀರ, ಮತ್ತೆ ಊರಿಗೆ ಹೋಗುವಾಗ ಕೊಲ್ಹಾಪುರ, ಬೆಳಗಾವಿ ದಾರಿ. ಮಳೆಗಾಲದಲ್ಲೂ ಹೋಗುತ್ತೇವೆ. ಯಾವ ಫೋಮ್ ತಗೋಬೇಕು, ಒಂದೇ ತುಂಡು ಒಳ್ಳೆಯದೋ ಬೇರೆ ಬೇರೆ ತುಂಡುಗಳೋ, ದುಂಡು ಮೂಲೆಗೆ ಹೇಗೆ ಕತ್ತರಿಸುವುದು? ಮಾಡಿ ನೋಡಿದವರು ದಯವಿಟ್ಟು ಹೇಳಿ.

ಡೊಂಬಿವಲಿ_ಕುಶನ್

ಸರ್, ನಾನು ಡೊಂಬಿವಲಿಯಲ್ಲಿ ಸೋಫಾ ಮತ್ತು ಗಾಡಿ ಸೀಟಿನ ಕುಶನ್ ಕೆಲಸ ಮಾಡುತ್ತೇನೆ, ಊರು ವಿಜಯಪುರ. ಮೊದಲು ಒಂದು ಮಾತು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಅಂಗಡಿಗಳಲ್ಲಿ ಇದನ್ನು ಸರಿಯಾಗಿ ಹೇಳುವವರು ಕಡಿಮೆ. ಡೆನ್ಸಿಟಿ ಬೇರೆ, ಗಟ್ಟಿತನ ಬೇರೆ. 40 ಡೆನ್ಸಿಟಿ ಅಂದರೆ ಒಂದು ಘನ ಮೀಟರ್ ಫೋಮ್ 40 ಕೆಜಿ ತೂಗುತ್ತದೆ ಅಂತ, ಅಷ್ಟೇ. ಅದು ಎಷ್ಟು ಕಾಲ ಬಾಳುತ್ತದೆ, ಎಷ್ಟು ಬೇಗ ಕುಸಿಯುತ್ತದೆ ಅನ್ನುವುದಕ್ಕೆ ಗುರುತು. ಮೈಗೆ ಗಟ್ಟಿ ಅನಿಸುತ್ತದೋ ಮೆತ್ತಗೋ ಅನ್ನುವುದು ಬೇರೆ ಲೆಕ್ಕ. 40 ಡೆನ್ಸಿಟಿಯಲ್ಲೇ ಮೆತ್ತನೆಯದೂ ಸಿಗುತ್ತದೆ, ಗಟ್ಟಿಯದೂ ಸಿಗುತ್ತದೆ. ಹಾಗಾಗಿ ಬರೀ ನಂಬರ್ ಕೇಳಿ ತರಬೇಡಿ, ಅಂಗಡಿಯ ನೆಲದ ಮೇಲೆ ಹಾಸಿಸಿ ನೀವಿಬ್ಬರೂ ಹತ್ತು ಹದಿನೈದು ನಿಮಿಷ ಮಲಗಿ ನೋಡಿ. ಕೈಯಿಂದ ಒತ್ತಿ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ನಿಮ್ಮ ತೂಕಕ್ಕೆ 32ಕ್ಕಿಂತ ಕಡಿಮೆ ಬೇಡ, 40 ಇದ್ದರೆ ನೆಮ್ಮದಿ. ಎಚ್‌ಆರ್ ಫೋಮ್ ಅಂತ ಕೇಳಿ. ಅದು ಒತ್ತಿದರೆ ಬೇಗ ಪುಟಿದು ಮೇಲೆ ಬರುತ್ತದೆ, ಸಾದಾ ಫೋಮಿನ ಹಾಗೆ ಸೊಂಟದ ಜಾಗದಲ್ಲಿ ಬೇಗ ಗುಂಡಿ ಬೀಳುವುದಿಲ್ಲ.

ಹೇಳಿದ ಡೆನ್ಸಿಟಿಯೇ ಕೊಟ್ಟಿದ್ದಾರಾ ಅಂತ ನೋಡಲು ತೂಕ ಮಾಡಿಸಿ. ನಿಮ್ಮ ಅಳತೆಗೆ, ಅಂದರೆ 72 ಇಂಚು, 48 ಇಂಚು, 4 ಇಂಚು ದಪ್ಪಕ್ಕೆ, 40 ಡೆನ್ಸಿಟಿ ಫೋಮ್ ಹತ್ತಿರ ಹತ್ತಿರ 9 ಕೆಜಿ ಬರಬೇಕು. 32 ಆದರೆ ಏಳೂ ಕಾಲು ಕೆಜಿ. 40 ಅಂತ ಹೇಳಿ 6 ಕೆಜಿ ತೂಗಿದರೆ ಅಲ್ಲಿಂದ ಎದ್ದು ಬನ್ನಿ. ಇನ್ನೊಂದು ಇದೆ. ಕೆಲವು ಫೋಮಿಗೆ ಸುಣ್ಣದ ಕಲ್ಲಿನ ಪುಡಿ ಬೆರೆಸಿ ತೂಕ ಹೆಚ್ಚಿಸಿರುತ್ತಾರೆ. ತಕ್ಕಡಿಯಲ್ಲಿ ಸರಿಯಾಗಿ ತೂಗುತ್ತದೆ, ಆದರೆ ಅಂಚನ್ನು ಬೆರಳಲ್ಲಿ ತಿಕ್ಕಿದರೆ ಪುಡಿ ಉದುರುತ್ತದೆ, ಹಿಂಡಿ ಬಿಟ್ಟರೆ ಮೇಲೆ ಬರಲು ತಡವಾಗುತ್ತದೆ. ತೂಕವನ್ನೂ ನೋಡಿ, ಪುಟಿಯುವುದನ್ನೂ ನೋಡಿ.

ಮೆಮರಿ ಫೋಮ್ ಬಗ್ಗೆ. ಅದು ಕಾವಿಗೆ ಮೆತ್ತಗಾಗುತ್ತದೆ, ಚಳಿಗೆ ಗಟ್ಟಿಯಾಗುತ್ತದೆ. ಮನೆಯಲ್ಲಿ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಬಿಸಿಲಲ್ಲಿ ನಿಂತ ಗಾಡಿಯೊಳಗೆ ಮೇ ತಿಂಗಳಲ್ಲಿ ಮಲಗಿದರೆ ಮುಳುಗಿದ ಹಾಗಾಗುತ್ತದೆ, ಡಿಸೆಂಬರ್‌ನಲ್ಲಿ ಮಹಾಬಳೇಶ್ವರದಲ್ಲಿ ಮಲಗಿದರೆ ಮೊದಲ ಅರ್ಧ ಗಂಟೆ ಹಲಗೆ ಮೇಲೆ ಮಲಗಿದ ಹಾಗೆ. ಮೈ ಸೆಕೆಯನ್ನೂ ಹಿಡಿದಿಟ್ಟುಕೊಳ್ಳುತ್ತದೆ. 6 ಇಂಚು ಪೂರ್ತಿ ಅದೇ ಹಾಕಿಸುವುದು ನಮ್ಮ ಹವೆಗೆ ಹೊಂದುವುದಿಲ್ಲ. ತೀರಾ ಬೇಕೆಂದರೆ ಮೇಲೆ ಒಂದು ಇಂಚು ಸಾಕು.

ಕೆಳಗೆ 3 ಇಂಚು ಗಟ್ಟಿ ಎಚ್‌ಆರ್, ಮೇಲೆ ಒಂದೂವರೆ ಇಂಚು ಮೆತ್ತನೆಯದು, ಇದು ನಾನು ಹೇಳುವ ಜೋಡಿ. ಎರಡಕ್ಕೂ ನಡುವೆ ಸೊಲ್ಯೂಷನ್ ಬಳಿಯುವುದೇ ಬೇಡ, ಗವಸು ಬಿಗಿಯಾಗಿದ್ದರೆ ಸರಿಯುವುದಿಲ್ಲ. ಅಂಟು ಒಣಗಿದ ಜಾಗ ಗಟ್ಟಿಯಾಗಿ ಬೆನ್ನಿಗೆ ತಾಗುತ್ತದೆ.

ವಾಸ್ಕೋ_ಈಕೋ

ಫೋಮಿನ ಬಗ್ಗೆ ಡೊಂಬಿವಲಿಯವರು ಹೇಳಿದ್ದು ಸರಿ. ಆದರೆ ಧಾರವಾಡದ ಅಣ್ಣಾ, ಗಾದಿ ಆಮೇಲೆ, ಮೊದಲು ಅದರ ಕೆಳಗೆ ಗಾಳಿ ಆಡುವ ಹಾಗೆ ಮಾಡಿ. ನಾನು ಇರುವುದು ವಾಸ್ಕೋದಲ್ಲಿ, ಊರು ಹಾವೇರಿ ಕಡೆ. ನಮ್ಮದು ಈಕೋ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳಿಯೇ ಒದ್ದೆ, ಹೊಸ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ಇನ್ನು ಫೋಮ್ ಬಿಡುತ್ತದಾ?

ಆಗುವುದು ಹೀಗೆ. ಇಬ್ಬರು ಮಲಗಿದರೆ ರಾತ್ರಿಯಿಡೀ ಬೆವರು, ಉಸಿರು ಎರಡರಿಂದಲೂ ನೀರಿನಂಶ ಹೊರಬರುತ್ತದೆ. ಅದು ಗಾದಿಯೊಳಗೆ ಇಳಿಯುತ್ತದೆ. ಮೇಲ್ಭಾಗ ಮೈಯ ಕಾವಿಗೆ ಬೆಚ್ಚಗಿರುತ್ತದೆ, ತಳಭಾಗ ಹಲಗೆಗೆ ಅಂಟಿಕೊಂಡು ತಣ್ಣಗಿರುತ್ತದೆ. ತಣ್ಣಗಿನ ಜಾಗ ತಲುಪಿದಾಗ ಆ ಆವಿ ನೀರಾಗುತ್ತದೆ. ಬರೀ ಪ್ಲೈವುಡ್ ಮೇಲೆ ನೇರ ಗಾದಿ ಹಾಕಿದರೆ ಆ ನೀರಿಗೆ ಹೋಗಲು ದಾರಿಯೇ ಇಲ್ಲ. ಮೇಲಿನಿಂದ ಎಲ್ಲ ಚೆನ್ನಾಗಿ ಕಾಣುತ್ತದೆ, ಎತ್ತಿ ನೋಡಿದರೆ ಕಪ್ಪು ಚುಕ್ಕೆ, ಮುಗ್ಗು ವಾಸನೆ. ಘಾಟಿನ ಮೇಲೆ ರಾತ್ರಿ ಚಳಿ ಇದ್ದಾಗ ಇದು ಇನ್ನೂ ಜಾಸ್ತಿ, ಯಾಕೆಂದರೆ ಒಳಗೆ ಹೊರಗೆ ಕಾವಿನ ವ್ಯತ್ಯಾಸ ದೊಡ್ಡದು.

ನಿಮ್ಮ ಫ್ರೇಮ್ ಮೇಲೆ ಇನ್ನೂ ಪ್ಲೈವುಡ್ ಕೂತಿಲ್ಲ ಅಂದಿರಿ, ಒಳ್ಳೆಯದೇ ಆಯಿತು. ಹಲಗೆ ಬದಲು ಮರದ ಪಟ್ಟಿ ಹಾಕಿಸಿ. 3 ಇಂಚು ಅಗಲದ ಪಟ್ಟಿ, ನಡುವೆ ಎರಡು ಇಂಚು ಸಂದು. ಸಂದು ಮೂರು ಇಂಚು ದಾಟಬಾರದು, ದಾಟಿದರೆ ಫೋಮ್ ಆ ಸಂದಿಯೊಳಗೆ ಇಳಿದು ಅಲ್ಲಿ ಬೇಗ ಸವೆಯುತ್ತದೆ. ಪ್ಲೈವುಡ್ಡೇ ಬೇಕು ಅಂದರೆ ಮರೀನ್ ಪ್ಲೈ ತಗೊಳ್ಳಿ, ಮೇಲೆ ಐಎಸ್ 710 ಅಂತ ಮುದ್ರೆ ಇರುತ್ತದೆ. ಬಡಗಿ ಹತ್ತಿರ ಹೋಲ್ ಸಾ ಇರುತ್ತದಲ್ವಾ, ಅದರಲ್ಲಿ ಒಂದೂಕಾಲು ಇಂಚಿನ ತೂತುಗಳನ್ನು ನಾಲ್ಕೈದು ಇಂಚಿಗೊಂದರಂತೆ ಸಾಲಾಗಿ ಹೊಡೆಸಿ. ಆದರೆ ಪ್ಲೈವುಡ್ ಜೋಡುವ ಅಡ್ಡ ಪೈಪಿನ ಮೇಲೆ ತೂತು ಬೀಳದಂತೆ ಮೊದಲೇ ಗೆರೆ ಹಾಕಿಕೊಳ್ಳಿ. ತೂತಿನ ಒಳಗೋಡೆ, ಹಲಗೆಯ ಅಂಚು ಎಲ್ಲಕ್ಕೂ ವಾರ್ನಿಷ್ ಅಥವಾ ಪೇಂಟ್ ಬಳಿಸಿ. ಪ್ಲೈವುಡ್ ನೀರು ಕುಡಿಯುವುದು ಅಂಚಿನಿಂದಲೇ.

ಮತ್ತೆ ಮಂಚದ ಕೆಳಗೆ ಸಾಮಾನು ಒತ್ತಿ ಒತ್ತಿ ತುಂಬಬೇಡಿ, ಮೇಲೆ ತೂತು ಹೊಡೆಸಿ ಕೆಳಗೆ ಬ್ಯಾಗಿನಿಂದ ಮುಚ್ಚಿದರೆ ಸುಮ್ನೆ ಖರ್ಚು. ಮಲಗುವಾಗ ಎದುರುಬದುರು ಎರಡು ಕಿಟಕಿ ಒಂದೊಂದು ಇಂಚು ತೆರೆದಿಡಿ, ಸೊಳ್ಳೆ ಪರದೆ ಕಟ್ಟಿ. ಬೆಳಗ್ಗೆ ಎದ್ದ ತಕ್ಷಣ ಹಾಸಿಗೆ ಮಡಿಸಿ ಇಡಬೇಡಿ, ಗಾದಿಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಚಹಾ ತಿಂಡಿ ಮುಗಿಯುವಷ್ಟು ಹೊತ್ತು ಗಾಳಿ ಆಡಲಿ.

ಅಮ್ಮನ ಹತ್ತಿ ಗಾದಿ ಮನೆಯಲ್ಲಿ ಬಹಳ ಚೆಂದ, ಆದರೆ ಗಾಡಿಗೆ ಬೇಡ. ಹತ್ತಿ ನೀರು ಎಳೆದುಕೊಂಡರೆ ಒಣಗಿಸಲು ಬಿಸಿಲೇ ಬೇಕು, ಕೊಂಕಣದ ಮಳೆಯಲ್ಲಿ ಬಿಸಿಲು ಎಲ್ಲಿಂದ ತರುವುದು?

ಠಾಣೆ_ರಸ್ತೆ

ಪಟ್ಟಿ, ತೂತು ಇಷ್ಟೆಲ್ಲ ಯಾಕೆ? ಹಲಗೆ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಲೇಟೆಕ್ಸ್ ಹಾಕಿದರೆ ಆಯಿತಲ್ವಾ? ಲೇಟೆಕ್ಸ್‌ಗೆ ಬೂಷ್ಟು ಅಷ್ಟು ಬೇಗ ಹಿಡಿಯುವುದಿಲ್ಲ, ಸೊಂಟಕ್ಕೂ ಒಳ್ಳೆಯದು. ಕೇರಳದ ರಬ್ಬರಿನದೇ ಸಿಗುತ್ತದೆ. ನಮ್ಮ ಮನೆಯಲ್ಲಿ ಅದೇ ಇದೆ, ಎದ್ದರೆ ಮೈಕೈ ನೋವಿಲ್ಲ.

ವಾಸ್ಕೋ_ಈಕೋ

ಪ್ಲಾಸ್ಟಿಕ್ ಹಾಳೆ ಖಂಡಿತ ಬೇಡ. ನೀರು ಬರುವುದು ಕೆಳಗಿನಿಂದ ಅಲ್ಲ, ಮೇಲಿನಿಂದ, ನಮ್ಮ ಮೈಯಿಂದ. ಪ್ಲಾಸ್ಟಿಕ್ ಹಾಸಿದರೆ ಅದು ಹಲಗೆಯನ್ನು ಉಳಿಸುತ್ತದೆ, ಗಾದಿಯನ್ನು ಕೊಳೆಸುತ್ತದೆ. ರೆಕ್ಸಿನ್ ತಳಕ್ಕೂ ಇದೇ ಮಾತು. ಏನಾದರೂ ಹಾಸಲೇಬೇಕು ಅಂದರೆ ಗಾಳಿ ಆಡುವ ದಪ್ಪ ಮೆಶ್ ಹಾಸಿ, ಗಾದಿ ಹಲಗೆಯಿಂದ ಅರ್ಧ ಇಂಚು ಮೇಲೆ ನಿಲ್ಲುವಂತಹದು.

ಡೊಂಬಿವಲಿ_ಕುಶನ್

ಲೇಟೆಕ್ಸ್ ಒಳ್ಳೆಯ ಸಾಮಾನೇ, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಗಾಡಿಗೆ ಎರಡು ತೊಡಕು. ಒಂದು ತೂಕ. ಸಾಮಾನ್ಯವಾಗಿ 70ರಿಂದ 80 ಡೆನ್ಸಿಟಿ, ಅಂದರೆ ಇವರ ಅಳತೆಗೆ 4 ಇಂಚಿನದು 16ರಿಂದ 18 ಕೆಜಿ. ಎತ್ತಿದರೆ ಬಾಳೆ ಎಲೆಯ ಹಾಗೆ ಬಗ್ಗುತ್ತದೆ, ಒಬ್ಬರೇ ಒರಗಿಸಿ ನಿಲ್ಲಿಸುವುದು ಕಷ್ಟ. ಎರಡನೆಯದು ಬಿಸಿಲು. ನೇರ ಬಿಸಿಲು ಬಿದ್ದರೆ ರಬ್ಬರ್ ಒಣಗಿ ಪುಡಿಯಾಗುತ್ತಾ ಹೋಗುತ್ತದೆ. ಟ್ರಾವೆಲರ್‌ನಲ್ಲಿ ಸುತ್ತಲೂ ಗಾಜು. ದಪ್ಪ ಗವಸು, ಕಿಟಕಿಗೆ ಪರದೆ ಎರಡೂ ಇದ್ದರೆ ಹಾಕಿಸಬಹುದು, ತಪ್ಪಿಲ್ಲ.

ಕಾಯರ್ ಬಗ್ಗೆಯೂ ಹೇಳಿಬಿಡುತ್ತೇನೆ. ತೆಂಗಿನ ನಾರಿಗೆ ರಬ್ಬರ್ ಹಾಲು ಸಿಂಪಡಿಸಿ ಒತ್ತಿ ಮಾಡಿದ್ದು. ಗಾಳಿ ಚೆನ್ನಾಗಿ ಆಡುತ್ತದೆ, ಸೆಕೆ ಆಗುವುದಿಲ್ಲ. ಆದರೆ ಮಡಿಸಿದರೆ ಮುರಿದ ಜಾಗ ಮತ್ತೆ ಸರಿ ಹೋಗುವುದಿಲ್ಲ. ದುಂಡು ಮೂಲೆ ಕತ್ತರಿಸಿದರೆ ಅಂಚಿನಿಂದ ನಾರು ಉದುರುತ್ತಲೇ ಇರುತ್ತದೆ, ಆ ಅಂಚಿಗೆ ಬಟ್ಟೆ ಸುತ್ತಿ ಹೊಲಿಯಲೇಬೇಕು. ಮಗ್ಗುಲಾಗಿ ಮಲಗುವವರಿಗೆ ಬರೀ ಕಾಯರ್ ಆದರೆ ಭುಜಕ್ಕೆ, ಸೊಂಟದ ಮೂಳೆಗೆ ಒತ್ತುತ್ತದೆ. ಸೊಂಟನೋವಿಗೆ ಗಟ್ಟಿ ಹಾಸಿಗೆಯೇ ಮದ್ದು ಅನ್ನುವ ಮಾತು ಎಲ್ಲರಿಗೂ ಹೊಂದುವುದಿಲ್ಲ. ಸ್ಪ್ರಿಂಗ್ ಗಾದಿಯಂತೂ ಕೇಳಲೇಬೇಡಿ, ಅದನ್ನು ಕತ್ತರಿಸಲು ಬರುವುದೇ ಇಲ್ಲ.

ಚಿಂಚವಾಡ_ಹೊಲಿಗೆ

ಅಣ್ಣಾ, ನಾನು ಅತ್ತಿಗೆಯ ಕಡೆಯಿಂದ ಒಂದು ಮಾತು ಹೇಳುತ್ತೇನೆ, ಯಾಕೆಂದರೆ ನಾನೂ ಮಗ್ಗುಲಾಗಿಯೇ ಮಲಗುವವಳು, ನನಗೂ ಸೊಂಟದ ತೊಂದರೆ ಇದೆ. ನಿಮ್ಮಿಬ್ಬರ ತೂಕದಲ್ಲಿ 30 ಕೆಜಿ ವ್ಯತ್ಯಾಸ. ಒಂದೇ ತುಂಡಿನ ಗಾದಿ ಆದರೆ ನಿಮಗೆ ಸರಿಯಾದದ್ದು ಅವರಿಗೆ ಕಲ್ಲು, ಅವರಿಗೆ ಸರಿಯಾದದ್ದರಲ್ಲಿ ನೀವು ಕುಸಿಯುತ್ತೀರಿ, ಆ ಇಳಿಜಾರಿನಲ್ಲಿ ಅವರು ರಾತ್ರಿಯಿಡೀ ನಿಮ್ಮ ಕಡೆ ಜಾರುತ್ತಿರುತ್ತಾರೆ. ಸೊಂಟ ತಿರುಚಿಕೊಳ್ಳುವುದು ಅಲ್ಲೇ.

ಅದಕ್ಕೆ ಗಾದಿಯನ್ನು ಉದ್ದಕ್ಕೆ ಎರಡು ಮಾಡಿ. 6 ಅಡಿ ಉದ್ದ, 2 ಅಡಿ ಅಗಲದ ಎರಡು ತುಂಡು. ದಪ್ಪ ಎರಡಕ್ಕೂ ಒಂದೇ, ಗಟ್ಟಿತನ ಬೇರೆ ಬೇರೆ. ನಿಮ್ಮದಕ್ಕೆ ಗಟ್ಟಿ ಫೋಮ್ ದಪ್ಪವಾಗಿ, ಮೆತ್ತನೆಯದು ತೆಳುವಾಗಿ. ಅವರದಕ್ಕೆ ಮೆತ್ತನೆಯ ಪದರ ಎರಡು ಇಂಚು ಇರಲಿ, ಭುಜ ಒಳಗೆ ಇಳಿದು ಬೆನ್ನು ನೇರ ನಿಲ್ಲುತ್ತದೆ. ನಡುವಿನ ಸಂದು ಇಬ್ಬರ ಮಧ್ಯೆ ಬರುತ್ತದೆ, ಯಾರ ಸೊಂಟದ ಕೆಳಗೂ ಬರುವುದಿಲ್ಲ. ಅಡ್ಡಕ್ಕೆ ಮೂರು ತುಂಡು ಮಾಡಿಸುತ್ತಾರಲ್ಲ, ಹಗಲು ಸೋಫಾ ಆಗಲಿ ಅಂತ, ಅದರಲ್ಲಿ ಒಂದು ಸಂದು ಸರಿಯಾಗಿ ಸೊಂಟದ ಹತ್ತಿರವೇ ಬೀಳುತ್ತದೆ. ಸೊಂಟನೋವಿರುವವರಿಗೆ ಅದು ಆಗದು. ವಾಸ್ಕೋದವರು ಹೇಳಿದ ಹಾಗೆ ಬೆಳಗ್ಗೆ ಒರಗಿಸಿ ನಿಲ್ಲಿಸುವುದಕ್ಕೂ ಎರಡು ಅಡಿ ಅಗಲದ ತುಂಡು ಹಗುರ, ಒಬ್ಬರೇ ಎತ್ತಬಹುದು.

ಅಳತೆಗೆ ಟೇಪ್ ಒಂದನ್ನೇ ನಂಬಬೇಡಿ. ಹಳೆಯ ಪೇಪರ್ ಹಾಳೆಗಳನ್ನು ಅಂಟಿಸಿ ಮಂಚದಷ್ಟು ದೊಡ್ಡದು ಮಾಡಿ, ಹಾಸಿ, ದುಂಡು ಮೂಲೆಯಲ್ಲಿ ಬೆರಳಿನಿಂದ ಒತ್ತಿ ಮಡಿಕೆ ಗೆರೆ ಮೂಡಿಸಿ, ಆ ಗೆರೆಗೆ ಕತ್ತರಿಸಿ. ರವಿಕೆಗೆ ಕಾಗದ ಕತ್ತರಿಸಿಕೊಳ್ಳುವ ಕೆಲಸವೇ ಇದು. ಮೈ ಒಳಕ್ಕೆ ಬಾಗುತ್ತದೆ ಅಂದಿರಲ್ಲ, ಹಾಗಾದರೆ ಗಾದಿಯ ತಳದ ಅಳತೆ ಬೇರೆ, ಮೇಲ್ಭಾಗದ ಅಳತೆ ಬೇರೆ. ಒಂದು ಕಾಗದ ಹಲಗೆ ಮಟ್ಟದಲ್ಲಿ, ಇನ್ನೊಂದು ನಾಲ್ಕೂವರೆ ಇಂಚು ಮೇಲೆ ಹಿಡಿದು ಮಾಡಿ. ಎರಡರ ಮೇಲೂ ಯಾವ ಕಡೆ ಬಾಗಿಲು, ಯಾವ ಕಡೆ ಡ್ರೈವರ್, ಯಾವುದು ಮೇಲ್ಮೈ ಅಂತ ಬರೆದಿಡಿ. ಕಾಗದ ತಿರುಗಾಮುರುಗಾ ಇಟ್ಟು ಕತ್ತರಿಸಿದರೆ ದುಂಡು ಮೂಲೆ ತಪ್ಪು ಬದಿಗೆ ಹೋಗುತ್ತದೆ. ಗೋಡೆ ಕಡೆ ಅರ್ಧ ಇಂಚು ಬಿಡಿ, ಬೆಡ್‌ಶೀಟ್ ಸಿಕ್ಕಿಸಲು ಕೈ ಹೋಗಬೇಕಲ್ವಾ. ನಡುವಿನ ಸಂದಿಯಲ್ಲಿ ಮಾತ್ರ ಏನೂ ಬಿಡಬೇಡಿ, ಎರಡು ತುಂಡೂ ಒಂದಕ್ಕೊಂದು ಒತ್ತಿಕೊಂಡಿರಲಿ.

ಗವಸಿಗೆ ಮೇಲ್ಭಾಗ ದಪ್ಪ ಹತ್ತಿ ಬಟ್ಟೆ, ತಳಕ್ಕೆ ಸೀಟಿಗೆ ಹಾಕುವ ಏರ್ ಮೆಶ್. ಹತ್ತಿ ಬಟ್ಟೆಯನ್ನು ಕತ್ತರಿಸುವ ಮೊದಲೇ ಒಮ್ಮೆ ನೀರಲ್ಲಿ ನೆನೆಸಿ ಒಣಗಿಸಿ, ಇಲ್ಲದಿದ್ದರೆ ಮೊದಲ ಸಲ ಒಗೆದಾಗ ಕುಗ್ಗಿ ಫೋಮ್ ಒಳಗೆ ಹೋಗುವುದೇ ಇಲ್ಲ.

ಧಾರವಾಡ_ಕೊಥ್ರೂಡ್

ಎಲ್ಲರಿಗೂ ತುಂಬಾ ಧನ್ಯವಾದ. ಉದ್ದಕ್ಕೆ ಎರಡು ತುಂಡು ಅನ್ನುವುದು ನಮಗೆ ಹೊಳೆದೇ ಇರಲಿಲ್ಲ, ಮನೆಯವಳಿಗೆ ಓದಿ ಹೇಳಿದೆ, ಅವಳು ಆಗಲೇ ಪೇಪರ್ ಹುಡುಕುತ್ತಿದ್ದಾಳೆ. ಪ್ಲೈವುಡ್ ಬಿಟ್ಟು ಪಟ್ಟಿಯನ್ನೇ ಹಾಕಿಸುತ್ತೇವೆ. ಇನ್ನೆರಡು ಕೇಳಬೇಕಿತ್ತು. ಒಟ್ಟು ದಪ್ಪ ನಾಲ್ಕೂವರೆ ಇಂಚು ಸಾಕಾ, ಆರು ಬೇಡವಾ? ಮತ್ತೆ ಮಂಚದ ಪಕ್ಕದಲ್ಲೇ ಸಣ್ಣ ಗ್ಯಾಸ್ ಒಲೆ ಇಡುವ ಯೋಚನೆ ಇದೆ.

ಡೊಂಬಿವಲಿ_ಕುಶನ್

ಸರ್, ಒಲೆ ಮಂಚದ ಪಕ್ಕ ಬೇಡವೇ ಬೇಡ. ಫೋಮ್ ಹೊತ್ತಿಕೊಂಡರೆ ಕ್ಷಣದಲ್ಲಿ ಹಬ್ಬುತ್ತದೆ, ಬೆಂಕಿಗಿಂತ ಮೊದಲು ಅದರ ಹೊಗೆ ಮನುಷ್ಯನನ್ನು ಕೆಡಹುತ್ತದೆ, ಅದು ವಿಷ. ಮುಚ್ಚಿದ ಗಾಡಿಯಲ್ಲಿ ಓಡಲು ಜಾಗ ಎಲ್ಲಿದೆ? ಒಲೆಯನ್ನು ಹೊರಗೆ ತೆಗೆದು ಹಚ್ಚುವ ಹಾಗೆ ಮಾಡಿ. ಸಿಗರೇಟು, ಸೊಳ್ಳೆ ಬತ್ತಿ, ಊದುಬತ್ತಿ ಕೂಡ ಗಾದಿ ಹತ್ತಿರ ಬೇಡ. ಮಲಗುವ ಕಡೆಯಿಂದ ಬಾಗಿಲು ತೆರೆಯಲು ಬರುತ್ತದಾ ಅಂತಲೂ ನೋಡಿಕೊಳ್ಳಿ.

ದಪ್ಪಕ್ಕೆ ಎರಡು ಲೆಕ್ಕ. ನೀವು ಪಟ್ಟಿ ಮೇಲೆ ಫೋಮ್ ಇಟ್ಟು ಮೊಣಕಾಲೂರಿ ಕೂತು ನೋಡಿ. ಮೊಣಕಾಲಿಗೆ ಕೆಳಗಿನ ಪಟ್ಟಿ ತಾಗಿದರೆ ದಪ್ಪ ಸಾಲದು ಅಥವಾ ಫೋಮ್ ಮೆತ್ತಗಾಯಿತು. 40ರ ಗಟ್ಟಿ ಎಚ್‌ಆರ್ ಆದರೆ ನಿಮ್ಮ ತೂಕಕ್ಕೆ ನಾಲ್ಕೂವರೆ, ಐದು ಇಂಚಿನಲ್ಲಿ ತಾಗಬಾರದು. ಎರಡನೆಯದು ತಲೆ. ನಿಮ್ಮ ಎತ್ತರದವರು ಕೂತರೆ ಆಸನದಿಂದ ನೆತ್ತಿಗೆ ಸುಮಾರು 3 ಅಡಿ ಬೇಕು. ಪಟ್ಟಿಯಿಂದ ಗಾಡಿಯ ಚಾವಣಿಗೆ ಎಷ್ಟಿದೆ ಅಳೆದು, ಗಾದಿ ದಪ್ಪ ಕಳೆದು, ಉಳಿದದ್ದು ಮೂರೂಕಾಲು ಅಡಿಗಿಂತ ಕಡಿಮೆ ಇದ್ದರೆ ಬೆಳಗ್ಗೆ ಏಳುವಾಗ ತಲೆ ಬಡಿಯುತ್ತದೆ. ದೀಪ ಗೀಪ ತೂಗುಹಾಕುವುದಿದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಜಾಗ ಧಾರಾಳ ಇದ್ದರೆ ಆರು ಹಾಕಿಸಿ, ಯಾರೂ ಬೇಡ ಅನ್ನುವುದಿಲ್ಲ. ಆದರೆ ದುಡ್ಡನ್ನು ದಪ್ಪಕ್ಕೆ ಹಾಕುವ ಬದಲು ಒಳ್ಳೆಯ ಡೆನ್ಸಿಟಿಗೆ ಹಾಕುವುದು ನನಗೆ ಸರಿ ಕಾಣುತ್ತದೆ.

ಠಾಣೆ_ರಸ್ತೆ

ಒಂದು ಸೇರಿಸುತ್ತೇನೆ. ಗಾಡಿ ಓಡುವಾಗ ಆ ಮಂಚದ ಮೇಲೆ ಯಾರೂ ಮಲಗಬೇಡಿ, ಸೀಟ್ ಬೆಲ್ಟ್ ಇರುವ ಸೀಟಲ್ಲೇ ಕೂರಿ. ಮತ್ತೆ ಸೀಟುಗಳನ್ನು ಪೂರ್ತಿ ಕಿತ್ತು ಮಂಚ ವೆಲ್ಡ್ ಮಾಡಿಸಿದ್ದರೆ ಅದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕೆಳಗೆ ಬರುವ ಮಾರ್ಪಾಡು. ಆರ್‌ಸಿಯಲ್ಲಿ ಬರೆದಿರುವ ಸೀಟಿನ ಲೆಕ್ಕ ಬದಲಾಗುತ್ತದೆ, ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿ ಒಪ್ಪಿಗೆ ತಗೊಳ್ಳಿ. ಇನ್ಶೂರೆನ್ಸ್‌ನವರಿಗೂ ತಿಳಿಸಿ.

ವಾಸ್ಕೋ_ಈಕೋ

ಹೊಸ ಫೋಮ್ ತಂದ ಮೇಲೆ ಗವಸಿಗೆ ಹಾಕುವ ಮೊದಲು ಎರಡು ಮೂರು ದಿನ ಮನೆಯ ಗಾಳಿಯಲ್ಲಿ, ನೆರಳಲ್ಲಿ ಬಿಡಿ. ಅದರ ವಾಸನೆ ಸಣ್ಣ ಗಾಡಿಯಲ್ಲಿ ತಲೆನೋವು ತರಿಸುತ್ತದೆ. ಕಡಲ ಹತ್ತಿರ ಹೋಗುತ್ತೀರಿ ಅಂದಿರಿ, ಹಾಗಾಗಿ ಗವಸಿಗೆ ಲೋಹದ ಝಿಪ್ ಹಾಕಿಸಬೇಡಿ, ಉಪ್ಪು ಗಾಳಿಗೆ ಹಿಡಿದುಕೊಂಡುಬಿಡುತ್ತದೆ. ನೈಲಾನ್ ಝಿಪ್ ಇರಲಿ. ಸಮುದ್ರದಲ್ಲಿ ಆಡಿ ಬಂದವರು ಸಿಹಿನೀರಲ್ಲಿ ಮೈ ತೊಳೆಯದೆ ಹಾಸಿಗೆ ಹತ್ತಬೇಡಿ. ಬಟ್ಟೆಗೆ ಒಮ್ಮೆ ಉಪ್ಪು ಸೇರಿದರೆ ಅದು ಗಾಳಿಯಿಂದ ನೀರು ಎಳೆಯುತ್ತಲೇ ಇರುತ್ತದೆ, ಎಷ್ಟು ಒಣಗಿಸಿದರೂ ಅಂಟಂಟು.

ಚಿಂಚವಾಡ_ಹೊಲಿಗೆ

ಝಿಪ್ ಮಾತು ಬಂದಿದ್ದಕ್ಕೆ ಇನ್ನೊಂದು. ಒಂದೇ ಬದಿಗೆ ಝಿಪ್ ಇಟ್ಟರೆ ಆರು ಅಡಿ ಫೋಮ್ ಒಳಗೆ ತುರುಕುವಾಗ ಬಟ್ಟೆ ಹರಿಯುತ್ತದೆ. ಒಂದು ಉದ್ದ ಬದಿ ಪೂರ್ತಿ, ಅದರ ಎರಡೂ ತುದಿಯಲ್ಲಿ ಅಡ್ಡ ಬದಿಗೆ ಒಂದೊಂದು ಅಡಿ ತಿರುಗಿ ಬರುವ ಹಾಗೆ ಇಡಿ. ಝಿಪ್ ಇರುವ ಬದಿ ನಡುವಿನ ಸಂದಿಗೆ ಬರಬಾರದು, ಗೋಡೆ ಕಡೆಗೆ ಇರಲಿ. ಪುಣೆಯ ಪೇಟೆಗಳಲ್ಲಿ ಗಾದಿ ಕಾರ್ಖಾನಾ ಅಂತ ಬೋರ್ಡ್ ಹಾಕಿದ ಅಂಗಡಿಗಳು ಬೇಕಾದಷ್ಟಿವೆ, ಕಾಗದ ಕೊಟ್ಟರೆ ಆ ಆಕಾರಕ್ಕೆ ಕತ್ತರಿಸಿ ಕೊಡುತ್ತಾರೆ. ಕತ್ತರಿಸುವಾಗ ನೀವೇ ಹತ್ತಿರ ನಿಂತಿರಿ, ಬಾಗಿದ ಬದಿಯನ್ನು ನೇರ ಕತ್ತರಿಸದಂತೆ ತಳದ ಗೆರೆ, ಮೇಲಿನ ಗೆರೆ ಎರಡನ್ನೂ ಫೋಮಿನ ಮೇಲೆ ಹಾಕಿಸಿದ ಮೇಲೆ ಚಾಕು ಇಡಲಿ.